ಸಂತ ಮೋನಿಕಾ ಏನೇನು ಬಿಟ್ಟುಕೊಟ್ಟಳು? ಒಂದು ಅಧ್ಯಯನ ಟಿಪ್ಪಣಿ

ಆದಿ ಕ್ರೈಸ್ತ ಕಾಲದ ದೈವಭಕ್ತ ತಾಯಂದಿರ ಬಗ್ಗೆ ಪ್ರಶ್ನೆ ಬಂದರೆ ನಾವೆಲ್ಲ ಮೊದಲು ಬರೆಯುವ ಹೆಸರು ಸಂತ ಮೋನಿಕಾ. ಬರೆಯುವ ಸಾಲೂ ಒಂದೇ: ದಾರಿ ತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದ ತಾಯಿ. ಆ ಸಾಲು ತಪ್ಪಲ್ಲ. ಆದರೆ ಮಕ್ಕಳಿಗಾಗಿ ಅಳುವ ತಾಯಂದಿರು ಎಲ್ಲ ಕಾಲದಲ್ಲೂ, ಎಲ್ಲ ಧರ್ಮದಲ್ಲೂ ಇದ್ದಾರೆ. ಇವಳದ್ದೇ ಆದ ಗುಣ ಯಾವುದು ಎಂದು ಕೇಳಿದರೆ ಕಣ್ಣೀರು ಉತ್ತರವಾಗುವುದಿಲ್ಲ.

ಅವಳ ಬದುಕನ್ನು ಮೊದಲಿಂದ ಓದುತ್ತಾ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ತಾನು ಹಿಡಿದುಕೊಂಡಿದ್ದನ್ನು ಬಿಡಬೇಕು ಎಂದು ಅನಿಸಿದಾಗ ಮೋನಿಕಾ ಬಿಟ್ಟುಬಿಡುತ್ತಾಳೆ. ಒಮ್ಮೆ ಒಂದು ಚಟ, ಒಮ್ಮೆ ಊರಿನ ಪದ್ಧತಿ, ಕೊನೆಗೆ ತನಗಾಗಿ ಸಿದ್ಧ ಮಾಡಿಟ್ಟಿದ್ದ ಸಮಾಧಿ. ಮಗನನ್ನು ಮಾತ್ರ ಬಿಡಲಿಲ್ಲ. ಈ ಎಳೆ ಹಿಡಿದು ಹೋದರೆ ಬಿಡಿ ಘಟನೆಗಳೆಲ್ಲ ಸುಲಭವಾಗಿ ನೆನಪಿರುತ್ತವೆ.

ಮೊದಲು ಆಧಾರದ ಮಾತು

ಮೋನಿಕಾ ಸ್ವತಃ ಬರೆದದ್ದು ಏನೂ ನಮ್ಮ ಕೈಗೆ ಬಂದಿಲ್ಲ. ಅವಳ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚುಕಡಿಮೆ ಎಲ್ಲವೂ ಮಗ ಅಗಸ್ಟಿನ್ ಬರೆದದ್ದು. ಅವನ ಬರಹಗಳಲ್ಲಿ ಎರಡು ಕಾಲದವುಗಳನ್ನು ಬೇರೆ ಮಾಡಿ ನೋಡಬೇಕು. 386ರಲ್ಲಿ ಬರೆದ ಸಂವಾದಗಳಲ್ಲಿ ತಾಯಿ ಪಕ್ಕದಲ್ಲೇ ಕೂತು ಮಾತಾಡುತ್ತಾಳೆ. ‘ಕನ್ಫೆಷನ್ಸ್’ ಬರೆಯಲು ಶುರುಮಾಡಿದ್ದು ಸುಮಾರು 397ರಲ್ಲಿ. ಅಷ್ಟು ಹೊತ್ತಿಗೆ ತಾಯಿ ತೀರಿಕೊಂಡು ಹತ್ತು ವರ್ಷ. ಮಗ ಹಿಪ್ಪೋ ಪಟ್ಟಣದ ಧರ್ಮಾಧ್ಯಕ್ಷ (ಬಿಷಪ್). ಆ ಪುಸ್ತಕ ದೇವರ ಮುಂದೆ ಹೇಳಿಕೊಂಡ ಮಾತು, ಹಾಗಾಗಿ ತಾಯಿಯ ಪ್ರತಿ ಘಟನೆಯಲ್ಲೂ ಅವನು ದೇವರ ಕೈ ಹುಡುಕುತ್ತಾನೆ. ಇದನ್ನು ಉತ್ತರದಲ್ಲಿ ಒಂದು ಸಾಲಾದರೂ ಬರೆಯಿರಿ.

ಇನ್ನು ಬದುಕಿನ ಚೌಕಟ್ಟು, ಚುಟುಕಾಗಿ. ಹುಟ್ಟಿದ್ದು ಸುಮಾರು 331–332ರಲ್ಲಿ, ಉತ್ತರ ಆಫ್ರಿಕದಲ್ಲಿ. ಸಂಸಾರ ಮಾಡಿದ್ದು ತಗಾಸ್ತೆಯಲ್ಲಿ. ಅದು ಇಂದಿನ ಅಲ್ಜೀರಿಯಾದ ಸೂಕ್ ಅಹ್ರಾಸ್. ತವರು ಕ್ರೈಸ್ತ ಮನೆ. ಗಂಡ ಪ್ಯಾಟ್ರಿಸಿಯಸ್ ಹಳೆಯ ರೋಮನ್ ದೇವತೆಗಳ ಕಡೆಯವನು, ಸಣ್ಣ ಜಮೀನುದಾರ, ಊರ ಆಡಳಿತ ಸಭೆಯ ಸದಸ್ಯ. ನಮಗೆ ಗೊತ್ತಿರುವಂತೆ ಮಕ್ಕಳು ಮೂವರು: ಅಗಸ್ಟಿನ್ (ಹುಟ್ಟಿದ್ದು 354), ನವೀಜಿಯಸ್, ಮತ್ತು ಒಬ್ಬ ಮಗಳು.

ಪೀಪಾಯಿಯ ವೈನ್

‘ಕನ್ಫೆಷನ್ಸ್’ನ 9ನೇ ಪುಸ್ತಕದಲ್ಲಿ ಅಗಸ್ಟಿನ್ ತಾಯಿಯ ಕತೆಯನ್ನು ಶುರುಮಾಡುವುದು ಒಂದು ಚಟದಿಂದ. ಸಂತರ ಚರಿತ್ರೆ ಹೀಗೆ ಶುರುವಾಗುವುದು ಅಪರೂಪ ಅಲ್ವಾ?

ಮನೆಯಲ್ಲಿ ಒಬ್ಬ ಮುದುಕಿ ಕೆಲಸದಾಕೆ ಇದ್ದಳು. ಮೋನಿಕಾಳ ಅಪ್ಪನನ್ನು ಮಗುವಾಗಿದ್ದಾಗ ಬೆನ್ನ ಮೇಲೆ ಹೊತ್ತು ಆಡಿಸಿದವಳು. ಹೆಣ್ಣುಮಕ್ಕಳ ಮೇಲ್ವಿಚಾರಣೆ ಅವಳದ್ದೇ. ಊಟದ ಹೊತ್ತು ಬಿಟ್ಟು ಬೇರೆ ಹೊತ್ತಲ್ಲಿ ನೀರನ್ನೂ ಕುಡಿಯಗೊಡುತ್ತಿರಲಿಲ್ಲ. ಈಗ ನೀರಿನ ಅಭ್ಯಾಸ ಆದರೆ, ಮದುವೆಯಾಗಿ ಉಗ್ರಾಣದ ಯಜಮಾನಿ ಆದಮೇಲೆ ಅದೇ ಅಭ್ಯಾಸ ವೈನ್‌ಗೆ ತಿರುಗುತ್ತದೆ ಎಂಬುದು ಅವಳ ಲೆಕ್ಕ. ಇಷ್ಟು ಕಟ್ಟುನಿಟ್ಟಿನಲ್ಲೂ ಹುಡುಗಿ ಮೋನಿಕಾ ಪೀಪಾಯಿಯಿಂದ ವೈನ್ ತುಂಬಿಕೊಂಡು ಬರಲು ಹೋದಾಗ ತುಟಿಗೆ ಸ್ವಲ್ಪ ತಾಗಿಸಿದಳು. ರುಚಿಗಲ್ಲ, ಸುಮ್ನೆ ಹುಡುಗಾಟಕ್ಕೆ. ದಿನಕ್ಕಿಷ್ಟು ಎಂದು ಅದು ಬೆಳೆದು, ಕೊನೆಗೆ ಲೋಟ ಹೆಚ್ಚುಕಡಿಮೆ ತುಂಬಿಸಿಕೊಂಡು ಕುಡಿಯುವ ಮಟ್ಟಕ್ಕೆ ಬಂತು.

ಬಿಡಿಸಿದ್ದು ಉಪದೇಶವಲ್ಲ, ಜಗಳ. ಜೊತೆಗೆ ಹೋಗುತ್ತಿದ್ದ ಇನ್ನೊಬ್ಬ ಕೆಲಸದ ಹುಡುಗಿ ಸಿಟ್ಟಿನಲ್ಲಿ ‘ಕುಡುಕಿ’ ಎಂದು ಬೈದುಬಿಟ್ಟಳು. ಮಾತು ನಾಟಿತು. ಮೋನಿಕಾ ಆ ಚಟವನ್ನು ಅಲ್ಲಿಗೇ ಬಿಟ್ಟಳು. ಆಳಿನ ಬಾಯಿಂದ, ಅದೂ ನೋಯಿಸಲೆಂದೇ ಬಂದ ಮಾತು. ಯಜಮಾನನ ಮಗಳು ಅದನ್ನು ಒಪ್ಪಿಕೊಂಡಳು. ಮುಂದೆ ಅವಳಲ್ಲಿ ಕಾಣುವ ಗುಣಕ್ಕೆಲ್ಲ ಇದು ಮೊದಲ ಸುಳಿವು.

ಗಂಡ, ಅತ್ತೆ, ನೆರೆಹೊರೆ

ಪ್ಯಾಟ್ರಿಸಿಯಸ್ ಪ್ರೀತಿಯುಳ್ಳವನು, ಹಾಗೆಯೇ ಮುಂಗೋಪಿ. ಬೇರೆ ಹೆಂಗಸರ ಸಂಬಂಧವೂ ಇತ್ತು. ಅವನು ಸಿಟ್ಟಿನಲ್ಲಿದ್ದಾಗ ಮೋನಿಕಾ ಎದುರಾಡುತ್ತಿರಲಿಲ್ಲ. ಸಿಟ್ಟು ಇಳಿದ ಮೇಲೆ, ಹೊತ್ತು ನೋಡಿ, ತಾನು ಮಾಡಿದ್ದು ಯಾಕೆ ಎಂದು ವಿವರಿಸುತ್ತಿದ್ದಳು. ಗಂಡಂದಿರ ಹೊಡೆತದ ಗುರುತು ಮುಖದ ಮೇಲೆ ಹೊತ್ತುಕೊಂಡು ಬರುತ್ತಿದ್ದ ಗೆಳತಿಯರಿಗೆ ಆಶ್ಚರ್ಯ. ಅಷ್ಟು ಕೋಪಿಷ್ಠ ಗಂಡ ಇವಳನ್ನು ಹೊಡೆದ ಸುದ್ದಿಯೇ ಇಲ್ಲವಲ್ಲ!

ಇಲ್ಲಿ ನಿಂತು ಯೋಚಿಸಬೇಕಾದ ಮಾತೊಂದಿದೆ. ಆ ಗೆಳತಿಯರಿಗೆ ಮೋನಿಕಾ ಕೊಟ್ಟ ಸಲಹೆ: ಮದುವೆಯ ಕರಾರು ಓದಿ ಹೇಳಿದ ದಿನವೇ ನಾವು ದಾಸಿಯರಾದೆವು ಎಂದುಕೊಳ್ಳಿ, ಒಡೆಯರ ಮುಂದೆ ಗರ್ವ ಬೇಡ. ಅರ್ಧ ತಮಾಷೆಯಾಗಿ ಹೇಳಿದಂತಿತ್ತು ಎಂದು ಮಗ ಸೇರಿಸುತ್ತಾನೆ. ತಮಾಷೆ ಎಂದರೂ ಇಂದು ಓದುವಾಗ ಕಸಿವಿಸಿ ಆಗುತ್ತದೆ, ಆಗಲೂಬೇಕು. ರೋಮನ್ ಕಾನೂನಿನ ಕೆಳಗೆ ಬದುಕಿದ ಹೆಂಗಸು ಪೆಟ್ಟಿನಿಂದ ತಪ್ಪಿಸಿಕೊಳ್ಳಲು ಕಂಡುಕೊಂಡ ದಾರಿ ಇದು. ಇದನ್ನೇ ಇವತ್ತಿನ ಹೆಂಡತಿಗೆ ಮಾದರಿ ಎಂದು ಬರೆದರೆ, ಅವಳ ತಾಳ್ಮೆಯನ್ನೂ ಅವಳಿಗಿದ್ದ ಬೇರೆ ದಾರಿಯಿಲ್ಲದ ಸ್ಥಿತಿಯನ್ನೂ ಒಂದೇ ಮಾಡಿದಂತೆ.

ಅತ್ತೆಯ ವಿಷಯ ಬೇಗ ಮುಗಿಯುತ್ತದೆ. ಕೆಲಸದವರು ಚಾಡಿ ಹೇಳಿ ಅತ್ತೆಯನ್ನು ಎತ್ತಿಕಟ್ಟಿದ್ದರು. ಸೊಸೆ ಸಹನೆಯಿಂದ ಸೇವೆ ಮಾಡುತ್ತಾ ಹೋದಳು. ಕೊನೆಗೆ ಅತ್ತೆಯೇ ಮಗನಿಗೆ ಹೇಳಿ ಚಾಡಿಕೋರರಿಗೆ ಶಿಕ್ಷೆ ಕೊಡಿಸಿದಳು. ಶಿಕ್ಷೆ ಎಂದರೆ ಛಡಿಯೇಟು. ಆ ಮನೆಯ ಶಾಂತಿಗೆ ಬೆಲೆ ತೆತ್ತವರೂ ಇದ್ದರು ಎಂಬುದು ನೆನಪಿರಲಿ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಗುಣ. ಪಾಠ ಹೇಳುವವರು ಇದನ್ನು ಜಾಸ್ತಿ ಎತ್ತುವುದಿಲ್ಲ. ಇಬ್ಬರು ಹೆಂಗಸರಿಗೆ ಜಗಳ ಆದಾಗ ಇಬ್ಬರೂ ಮೋನಿಕಾಳ ಹತ್ತಿರ ಬಂದು ಒಬ್ಬರ ಮೇಲೊಬ್ಬರು ಕಾರಿಕೊಳ್ಳುತ್ತಿದ್ದರು. ಮೋನಿಕಾ ಎರಡೂ ಕಡೆ ಕೇಳಿಸಿಕೊಳ್ಳುತ್ತಿದ್ದಳು. ಆದರೆ ಇತ್ತಲಿಂದ ಅತ್ತ ದಾಟಿಸುತ್ತಿದ್ದುದು ಅವರನ್ನು ಒಂದುಮಾಡುವ ಮಾತನ್ನಷ್ಟೇ. ಇದು ಸಣ್ಣ ಗುಣ ಎಂದುಕೊಳ್ಳುತ್ತಿದ್ದೆ, ಎಷ್ಟೋ ಜನ ಕೇಳಿದ್ದನ್ನು ಹೇಳುವುದಷ್ಟೇ ಅಲ್ಲ, ಇಲ್ಲದ್ದನ್ನೂ ಸೇರಿಸಿ ಹೇಳುವುದನ್ನು ನೋಡಿದ ಮೇಲೆ ಅದರ ಬೆಲೆ ಗೊತ್ತಾಯಿತು ಎನ್ನುತ್ತಾನೆ ಅಗಸ್ಟಿನ್.

ಪ್ಯಾಟ್ರಿಸಿಯಸ್ ಕೊನೆಗಾಲದಲ್ಲಿ ದೀಕ್ಷಾಸ್ನಾನ ಪಡೆದ. ಅದು ಕ್ರೈಸ್ತನಾಗುವ ನೀರಿನ ಸಂಸ್ಕಾರ, ಅಲ್ಲಿಯವರೆಗಿನ ಪಾಪವನ್ನೆಲ್ಲ ತೊಳೆಯುತ್ತದೆ ಎಂಬುದು ನಂಬಿಕೆ. ಅವನು ತೀರಿಕೊಂಡಾಗ ಅಗಸ್ಟಿನ್‌ಗೆ ಹದಿನೇಳರ ಆಸುಪಾಸು.

ಮಗನ ವಿಷಯದಲ್ಲಿ

ಮೋನಿಕಾಳಿಗೆ ಮಗ ಭಕ್ತನಾಗಬೇಕೆಂಬ ಆಸೆ ಎಷ್ಟಿತ್ತೋ, ದೊಡ್ಡ ಮನುಷ್ಯ ಆಗಬೇಕೆಂಬ ಆಸೆಯೂ ಅಷ್ಟೇ ಇತ್ತು. ಓದಿಗೆ ಅಡ್ಡಿಯಾಗುತ್ತದೆ ಎಂದು ಬೇಗ ಮದುವೆ ಮಾಡಲಿಲ್ಲ. ಚಿಕ್ಕವನಾಗಿದ್ದಾಗ ಹೊಟ್ಟೆನೋವಿನಿಂದ ಸಾಯುವಂತಾದಾಗ ದೀಕ್ಷಾಸ್ನಾನಕ್ಕೆ ಅವಸರ ಮಾಡಿದಳು. ಹುಡುಗ ಚೇತರಿಸಿಕೊಂಡ ಕೂಡಲೇ ಅದನ್ನು ಮುಂದೂಡಿದಳು, ಮುಂದೆ ಹೇಗೂ ಪಾಪ ಮಾಡುತ್ತಾನಲ್ಲ ಎಂಬ ಆ ಕಾಲದ ಲೆಕ್ಕದಲ್ಲಿ. ಮಗ ಇದನ್ನೆಲ್ಲ ಮುಚ್ಚಿಡುವುದಿಲ್ಲ. ತಾಯಿ ಬ್ಯಾಬಿಲೋನಿನ ನಡುವಿನಿಂದ ಓಡಿಬಂದಿದ್ದರೂ ಅದರ ಅಂಚಿನಲ್ಲಿ ಇನ್ನೂ ನಿಧಾನಿಸುತ್ತಿದ್ದಳು ಎಂದು ಬರೆಯುತ್ತಾನೆ. ಬ್ಯಾಬಿಲೋನ್ ಎಂದರೆ ಇಲ್ಲಿ ಲೋಕದ ಮೋಹ.

ಕಾರ್ತೇಜಿನಲ್ಲಿ ಓದುವಾಗ ಅಗಸ್ಟಿನ್ ಮಾನಿಯ ಪಂಥಕ್ಕೆ ಸೇರಿದ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬೇರೆ ಬೇರೆ ಮೂಲಶಕ್ತಿಗಳಿವೆ, ಬೆಳಕು ಕತ್ತಲೆಗಳ ಹೋರಾಟವೇ ಲೋಕ ಎನ್ನುವ ಪಂಥ ಅದು. ತಾಯಿಗೆ ಎಷ್ಟು ಅಸಹ್ಯ ಆಯಿತೆಂದರೆ ಅವನನ್ನು ತನ್ನ ಊಟದ ಮೇಜಿಗೆ ಸೇರಿಸಲಿಲ್ಲ. ಆಮೇಲೆ ಒಂದು ಕನಸು. ತಾನು ಮರದ ಅಳತೆಪಟ್ಟಿಯ ಮೇಲೆ ನಿಂತು ಅಳುತ್ತಿದ್ದೇನೆ, ಬೆಳಗುವ ಯುವಕನೊಬ್ಬ ಬಂದು ‘ನೀನು ಇರುವಲ್ಲೇ ಅವನೂ ಇದ್ದಾನೆ, ನೋಡು’ ಎನ್ನುತ್ತಾನೆ, ನೋಡಿದರೆ ಮಗ ಪಕ್ಕದಲ್ಲೇ ನಿಂತಿದ್ದಾನೆ. ಮಗ ಜಾಣತನ ತೋರಿಸಿದ: ನೀನೂ ನನ್ನ ಪಂಥಕ್ಕೆ ಬರುತ್ತೀಯ ಎಂದು ಅದರ ಅರ್ಥ ಇರಬೇಕು! ಮೋನಿಕಾ ತಡವರಿಸಲಿಲ್ಲ. ಅವನಿರುವಲ್ಲಿ ನೀನು ಎಂದಿಲ್ಲ, ನೀನಿರುವಲ್ಲಿ ಅವನು ಎಂದೇ ಹೇಳಿದ್ದು. ಕನಸಿಗಿಂತ ಆ ತಟ್ಟನೆ ಬಂದ ಉತ್ತರವೇ ತನ್ನನ್ನು ಹೆಚ್ಚು ಅಲುಗಿಸಿತು ಎನ್ನುತ್ತಾನೆ ಮಗ. ಮೇಜಿನ ಬಾಗಿಲು ಮತ್ತೆ ತೆರೆಯಿತು. ಇದು ಕೂಡ ಬಿಟ್ಟುಕೊಟ್ಟದ್ದೇ, ತನ್ನ ಸಿಟ್ಟನ್ನು.

ಎಲ್ಲರೂ ಉಲ್ಲೇಖಿಸುವ ಕಣ್ಣೀರಿನ ಮಾತು ಬರುವುದು ಇಲ್ಲೇ. ಮಗನ ಜೊತೆ ವಾದ ಮಾಡಿ ಎಂದು ಒಬ್ಬ ಧರ್ಮಾಧ್ಯಕ್ಷರನ್ನು ಮೋನಿಕಾ ಬೇಡಿಕೊಂಡಳು. ಅವರೂ ಚಿಕ್ಕಂದಿನಲ್ಲಿ ಅದೇ ಪಂಥದಲ್ಲಿ ಬೆಳೆದು ಹೊರಬಂದವರು. ಈಗ ಹೇಳಿದರೆ ಕೇಳುವ ಸ್ಥಿತಿಯಲ್ಲಿ ಅವನಿಲ್ಲ, ಓದುತ್ತಾ ತಾನೇ ತಿಳಿದುಕೊಳ್ಳುತ್ತಾನೆ, ನೀನು ಪ್ರಾರ್ಥಿಸು ಸಾಕು ಎಂದರು. ಅವಳು ಬಿಡದೆ ಕಾಡಿದಳು. ಅವರಿಗೆ ಸಾಕಾಯಿತು. ಹೋಗಮ್ಮ, ಇಂಥ ಕಣ್ಣೀರಿನ ಮಗ ಹಾಳಾಗಲು ಸಾಧ್ಯವೇ ಇಲ್ಲ ಎಂದರು. ಇಷ್ಟು ಪ್ರಸಿದ್ಧವಾದ ಸಾಂತ್ವನದ ಮಾತು ಬಂದದ್ದು ಬೇಸರದ ಹೊತ್ತಿನಲ್ಲಿ!

383ರಲ್ಲಿ ಅಗಸ್ಟಿನ್ ರೋಮಿಗೆ ಹೊರಟ. ಗೆಳೆಯನನ್ನು ಬೀಳ್ಕೊಡಬೇಕು ಎಂದು ತಾಯಿಗೆ ಸುಳ್ಳು ಹೇಳಿ, ಬಂದರಿನ ಹತ್ತಿರವಿದ್ದ ಸಂತ ಸಿಪ್ರಿಯನ್‌ರ ಗುಡಿಯಲ್ಲಿ ಅವಳನ್ನು ಆ ರಾತ್ರಿ ಉಳಿಸಿ, ಹಡಗು ಹತ್ತಿಬಿಟ್ಟ. 385ರಲ್ಲಿ ತಾಯಿಯೇ ಸಮುದ್ರ ದಾಟಿ, ಅಷ್ಟು ಹೊತ್ತಿಗೆ ಮಗ ನೆಲೆಸಿದ್ದ ಮಿಲಾನಿಗೆ ಬಂದಳು. ದಾರಿಯಲ್ಲಿ ಬಿರುಗಾಳಿಗೆ ಹೆದರಿದ ನಾವಿಕರಿಗೆ ಇವಳೇ ಧೈರ್ಯ ಹೇಳಿದಳಂತೆ.

ಮಿಲಾನಿನಲ್ಲಿ ಕಲಿತದ್ದು

ಈ ಭಾಗವನ್ನು ನಿಧಾನವಾಗಿ ಓದಿ. ಆಫ್ರಿಕದಲ್ಲಿ ಭಕ್ತರು ಹುತಾತ್ಮರ ಸಮಾಧಿಗೆ ಗಂಜಿ, ರೊಟ್ಟಿ, ವೈನ್ ಒಯ್ಯುತ್ತಿದ್ದರು. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವ ಪದ್ಧತಿ ನೋಡಿದವರಿಗೆ ಇದರ ಭಾವ ಬೇಗ ಹಿಡಿಸುತ್ತದೆ. ಮೋನಿಕಾ ಮಿಲಾನಿನಲ್ಲೂ ಬುಟ್ಟಿ ಹಿಡಿದು ಹೋದಳು. ಬಾಗಿಲು ಕಾಯುವವನು ತಡೆದ. ಧರ್ಮಾಧ್ಯಕ್ಷ ಆಂಬ್ರೋಸ್ ಅದನ್ನು ನಿಲ್ಲಿಸಿದ್ದರು. ಒಂದು, ಅದು ಕುಡಿತಕ್ಕೆ ನೆಪವಾಗುತ್ತಿತ್ತು. ಇನ್ನೊಂದು, ರೋಮನ್ನರು ಸತ್ತವರಿಗೆ ಮಾಡುತ್ತಿದ್ದ ಹಬ್ಬಕ್ಕೂ ಇದಕ್ಕೂ ವ್ಯತ್ಯಾಸ ಉಳಿದಿರಲಿಲ್ಲ. ಜೀವನವಿಡೀ ಮಾಡಿಕೊಂಡು ಬಂದ ಪದ್ಧತಿಯನ್ನು ಮೋನಿಕಾ ಗೊಣಗದೆ ಬಿಟ್ಟಳು. ಬುಟ್ಟಿಯ ಬದಲು ಪ್ರಾರ್ಥನೆ ತುಂಬಿದ ಮನಸ್ಸು ಒಯ್ದಳು, ಕೈಲಾದದ್ದನ್ನು ಬಡವರಿಗೆ ಕೊಟ್ಟಳು. ಮಗನ ಒಂದು ಟಿಪ್ಪಣಿ ಮಾತ್ರ ಚುರುಕಾಗಿದೆ: ಹೇಳಿದವರು ಆಂಬ್ರೋಸ್ ಅಲ್ಲದೆ ಬೇರೆ ಯಾರಾದರೂ ಆಗಿದ್ದರೆ ಇಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲವೇನೋ.

ಶನಿವಾರದ ಉಪವಾಸವೂ ಹೀಗೆಯೇ. ಮಿಲಾನಿನಲ್ಲಿ ಆ ದಿನ ಉಪವಾಸ ಇರಲಿಲ್ಲ, ರೋಮಿನಲ್ಲಿ ಇತ್ತು. ಯಾವುದು ಸರಿ ಎಂದು ಮೋನಿಕಾಳಿಗೆ ಗೊಂದಲ. ಅಗಸ್ಟಿನ್‌ಗೆ ಆಗ ಇದರಲ್ಲಿ ಆಸಕ್ತಿಯೇ ಇರಲಿಲ್ಲ, ತಾಯಿಗಾಗಿ ಹೋಗಿ ಕೇಳಿದ. ರೋಮಿಗೆ ಹೋದಾಗ ಶನಿವಾರ ಉಪವಾಸ ಮಾಡುತ್ತೇನೆ, ಇಲ್ಲಿ ಮಾಡುವುದಿಲ್ಲ, ಹೋದ ಊರಿನ ಧರ್ಮಸಭೆಯ ಪದ್ಧತಿ ಅನುಸರಿಸಿ ಎಂದರು ಆಂಬ್ರೋಸ್. ಅವಳು ಸಂತೋಷದಿಂದ ಒಪ್ಪಿದಳು.

ಬಗ್ಗುವವಳು ಎಂದರೆ ಹೆದರುವವಳಲ್ಲ. 386ರಲ್ಲಿ ಬಾಲಚಕ್ರವರ್ತಿಯ ತಾಯಿ ಜಸ್ಟಿನಾ ಚರ್ಚೊಂದನ್ನು ಏರಿಯನ್ ಪಂಥದವರಿಗೆ (ಕ್ರಿಸ್ತನು ತಂದೆಯಾದ ದೇವರಿಗೆ ಸಮನಲ್ಲ ಎನ್ನುವವರು) ಬಿಟ್ಟುಕೊಡಲು ಒತ್ತಾಯಿಸಿದಾಗ ಭಕ್ತರು ಹಗಲು ರಾತ್ರಿ ಒಳಗೆ ಕಾವಲು ಕೂತರು. ಆ ಜಾಗರಣೆಯಲ್ಲಿ ಮೋನಿಕಾ ಮುಂದಿನ ಸಾಲಿನಲ್ಲಿದ್ದಳು.

ಇದೇ ಮಿಲಾನಿನಲ್ಲಿ ಇನ್ನೊಂದು ನಡೆಯಿತು. ಸಂತರ ಚರಿತ್ರೆಗಳು ಇದನ್ನು ಬೇಗ ದಾಟಿಸಿಬಿಡುತ್ತವೆ. ಅಗಸ್ಟಿನ್ ಜೊತೆ ವರ್ಷಗಟ್ಟಲೆ ಬಾಳಿದ, ಅವನ ಮಗ ಅದಿಯೋದಾತಸ್‌ನನ್ನು ಹೆತ್ತ ಹೆಂಗಸನ್ನು ಆಫ್ರಿಕಕ್ಕೆ ಕಳಿಸಲಾಯಿತು. ಮದುವೆಗೆ ಅಡ್ಡಿ ಎಂಬುದು ಕಾರಣ. ಅನುಕೂಲಸ್ಥ ಮನೆಯ ಹೆಣ್ಣು ಗೊತ್ತುಮಾಡುವುದರಲ್ಲಿ ಹೆಚ್ಚು ಓಡಾಡಿದವಳು ಮೋನಿಕಾ. ಆ ಹುಡುಗಿಗೆ ಮದುವೆ ವಯಸ್ಸಿಗೆ ಇನ್ನೂ ಎರಡು ವರ್ಷ ಬಾಕಿ. ಹೋದವಳ ಹೆಸರನ್ನು ಕೂಡ ಮಗ ಬರೆದಿಲ್ಲ. ಮಗುವನ್ನು ಬಿಟ್ಟು ಹೋದ ಆ ತಾಯಿಯ ಬಗ್ಗೆಯೂ ಉತ್ತರದಲ್ಲಿ ಒಂದು ಮಾತಿರಲಿ.

ಮಾತಿಗೆ ಕೂತ ತಾಯಿ

386ರ ಬೇಸಿಗೆ ಕೊನೆಯಲ್ಲಿ ಅಗಸ್ಟಿನ್ ಮನಸ್ಸು ಕ್ರೈಸ್ತ ಧರ್ಮದ ಕಡೆ ತಿರುಗಿತು. ಹೊಸ ಮದುವೆಯ ಯೋಚನೆಯೂ ಅಲ್ಲಿಗೆ ನಿಂತಿತು. ಎಲ್ಲರೂ ಮಿಲಾನಿನ ಹತ್ತಿರದ ಕಾಸಿಸಿಯಾಕುಂ ಎಂಬಲ್ಲಿ ಗೆಳೆಯನ ತೋಟದ ಮನೆಗೆ ಹೋದರು. ಅಲ್ಲಿ ನಡೆದ ಮಾತುಕತೆಯನ್ನು ಆಗಲೇ ಬರೆದಿಟ್ಟದ್ದರಿಂದ ಮೋನಿಕಾಳ ದನಿ ಹತ್ತಿರದಿಂದ ಕೇಳುತ್ತದೆ. ಮಗನ ಹುಟ್ಟುಹಬ್ಬದ ದಿನ ಶುರುವಾದ ಚರ್ಚೆ: ಬೇಕೆಂದದ್ದು ಸಿಕ್ಕವನೆಲ್ಲ ಸುಖಿಯೇ? ಮೋನಿಕಾ ಹೇಳುತ್ತಾಳೆ, ಒಳ್ಳೆಯದನ್ನು ಬಯಸಿ ಪಡೆದರೆ ಸುಖಿ, ಕೆಟ್ಟದ್ದನ್ನು ಬಯಸಿದರೆ ಸಿಕ್ಕರೂ ದುಃಖಿಯೇ. ಅಮ್ಮ, ನೀನು ತತ್ವಶಾಸ್ತ್ರದ ಕೋಟೆಯನ್ನೇ ಹಿಡಿದುಬಿಟ್ಟೆ ಎಂದು ಮಗ, ರೋಮನ್ ಚಿಂತಕ ಸಿಸೆರೋನ ಇಂಥದ್ದೇ ಮಾತನ್ನು ಜೊತೆಗಿಟ್ಟು ತೋರಿಸುತ್ತಾನೆ.

ನಗುವಿನ ಪ್ರಸಂಗವೂ ಉಂಟು. ಲೈಸೆಂಟಿಯಸ್ ಎಂಬ ಹುಡುಗ ಕೀರ್ತನೆಯ ಸಾಲೊಂದನ್ನು ಶೌಚಕ್ಕೆ ಹೋದಲ್ಲಿ ಜೋರಾಗಿ ಹಾಡುತ್ತಿದ್ದ. ಹಾಡುವ ಜಾಗವೇ ಅದು ಎಂದು ಮೋನಿಕಾ ಗದರಿದಳು. ಶತ್ರು ನನ್ನನ್ನು ಇಲ್ಲಿ ಕೂಡಿಹಾಕಿದ್ದರೆ ದೇವರು ಕೇಳಿಸಿಕೊಳ್ಳುತ್ತಿರಲಿಲ್ಲವೇ ಎಂದ ಅವನು. ಅಗಸ್ಟಿನ್ ಹುಡುಗನ ಪಕ್ಷ ವಹಿಸಿದ.

ಓಸ್ಟಿಯಾ, 387

ಆ ವರ್ಷದ ಪಾಸ್ಖ (ಈಸ್ಟರ್) ಜಾಗರಣೆಯಲ್ಲಿ ಆಂಬ್ರೋಸರ ಕೈಯಿಂದ ಅಗಸ್ಟಿನ್‌ಗೆ, ಅದಿಯೋದಾತಸ್‌ಗೆ ದೀಕ್ಷಾಸ್ನಾನ ಆಯಿತು. ಊರಿಗೆ ಮರಳುವ ದಾರಿಯಲ್ಲಿ ರೋಮಿನ ಬಂದರು ಓಸ್ಟಿಯಾದಲ್ಲಿ ತಂಗಿದ್ದಾಗ, ತೋಟದ ಕಡೆಗಿನ ಕಿಟಕಿಯಲ್ಲಿ ನಿಂತು ತಾಯಿ ಮಗ ಇಬ್ಬರೂ ನಿತ್ಯಜೀವದ ಬಗ್ಗೆ ಮಾತಾಡಿದರು. ಕೆಲವೇ ದಿನಕ್ಕೆ ಅವಳಿಗೆ ಜ್ವರ ಬಂತು. ಒಂಬತ್ತನೇ ದಿನ ತೀರಿಕೊಂಡಳು, 56ನೇ ವಯಸ್ಸು ನಡೆಯುತ್ತಿತ್ತು.

ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ತಗಾಸ್ತೆಯಲ್ಲಿ ಸಮಾಧಿ ಸಿದ್ಧ ಮಾಡಿಕೊಂಡಿದ್ದಳು. ಅದರ ಬಗ್ಗೆ ಅವಳಿಗೆ ತುಂಬಾ ಆಸ್ಥೆ. ಸಾಯುವಾಗ ನವೀಜಿಯಸ್ ಸ್ವಂತ ಊರಿನ ಮಾತೆತ್ತಿದ. ಅವಳು ಮುಖದಲ್ಲೇ ಬೇಡವೆಂದಳು. ಈ ದೇಹವನ್ನು ಎಲ್ಲಾದರೂ ಇಡಿ, ಅದರ ಚಿಂತೆ ಬೇಡ, ನೀವು ಎಲ್ಲೇ ಇದ್ದರೂ ಪ್ರಭುವಿನ ಬಲಿಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟೇ ಸಾಕು. ಇಡೀ ‘ಕನ್ಫೆಷನ್ಸ್’ನಲ್ಲಿ ಮೋನಿಕಾ ಎಂಬ ಹೆಸರು ಬರುವುದು ಒಂದೇ ಸಲ, ಆ ಕೋರಿಕೆಯನ್ನು ಮಗ ಓದುಗರಿಗೆ ದಾಟಿಸುವ ಜಾಗದಲ್ಲಿ. ಪ್ಯಾಟ್ರಿಸಿಯಸ್‌ನ ಹೆಸರನ್ನೂ ಅಲ್ಲೇ, ಅವಳ ಹೆಸರಿನ ಜೊತೆ ಸೇರಿಸಿದ್ದಾನೆ.

ಎಲ್ಲಾದರೂ ಇಡಿ ಎಂದವಳನ್ನು ಜನ ಸುಮ್ಮನೆ ಬಿಡಲಿಲ್ಲ. 1430ರಲ್ಲಿ ಅವಳ ಅವಶೇಷಗಳನ್ನು ರೋಮಿಗೆ ಒಯ್ದರು. ಈಗ ಅಲ್ಲಿನ ಸಂತ ಅಗಸ್ಟಿನ್ ಚರ್ಚಿನಲ್ಲಿವೆ. ಮೊದಲ ಸಮಾಧಿಯ ಬರಹ ಹಸ್ತಪ್ರತಿಗಳಲ್ಲಿ ಮಾತ್ರ ಉಳಿದಿತ್ತು. 1945ರಲ್ಲಿ ಓಸ್ಟಿಯಾದ ಸಂತ ಔರಿಯಾ ಚರ್ಚಿನ ಪಕ್ಕ ಆಟದ ಕಂಬ ನೆಡಲು ಗುಂಡಿ ತೋಡುತ್ತಿದ್ದ ಹುಡುಗರಿಗೆ ಮುರಿದ ಅಮೃತಶಿಲೆಯ ತುಂಡೊಂದು ಸಿಕ್ಕಿತು. ಅದರ ಮೇಲಿದ್ದ ಅರ್ಧರ್ಧ ಸಾಲುಗಳು ಹಸ್ತಪ್ರತಿಯ ಸಾಲುಗಳಿಗೆ ಹೊಂದಿದವು.