ಸ್ಯಾಕ್ಸೋಫೋನ್: ಹಿತ್ತಾಳೆಯ ಮೈ, ಮನುಷ್ಯನ ಕಂಠ

ಸ್ಯಾಕ್ಸೋಫೋನ್ ಒಂದು ಸುಷಿರ ವಾದ್ಯ, ಅಂದರೆ ಉಸಿರಿನಿಂದ ನುಡಿಸುವ ವಾದ್ಯ. ಹಿತ್ತಾಳೆಯ ಮೈ, ಹೊನ್ನಿನ ಹೊಳಪು, ಮೇಲ್ಮುಖವಾಗಿ ಅರಳಿದ ಬಾಯಿ, ಇವನ್ನೆಲ್ಲ ನೋಡಿದವರು ಅದನ್ನು ತುತ್ತೂರಿಯ ಕುಲಕ್ಕೆ ಸೇರಿಸಿಬಿಡುತ್ತಾರೆ. ಆದರೆ ಪಾಶ್ಚಾತ್ಯ ವಾದ್ಯಗಳ ವರ್ಗೀಕರಣದಲ್ಲಿ ಅದರ ಜಾಗ ಕೊಳಲು, ಓಬೋ, ಕ್ಲಾರಿನೆಟ್‌ಗಳ ಪಂಕ್ತಿಯಲ್ಲಿ, ಮರವಾದ್ಯಗಳ ನಡುವೆ. ವಾದ್ಯದ ಕುಲವನ್ನು ತೀರ್ಮಾನಿಸುವುದು ಅದನ್ನು ಮಾಡಿದ ಲೋಹವಲ್ಲ, ನಾದ ಹುಟ್ಟುವ ಬಗೆ. ತುತ್ತೂರಿಯಲ್ಲಿ ನುಡಿಸುವವರ ತುಟಿಗಳೇ ಕಂಪಿಸುತ್ತವೆ. ಸ್ಯಾಕ್ಸೋಫೋನಿನಲ್ಲಿ ಕಂಪಿಸುವುದು ಮೌತ್‌ಪೀಸಿಗೆ ಬಿಗಿದ ಒಂದು ತೆಳುವಾದ ಪಟ್ಟಿ. ರೀಡ್ ಎಂದು ಕರೆಯುವ ಈ ಪಟ್ಟಿಯನ್ನು ಬಿದಿರನ್ನು ಹೋಲುವ ದೊಡ್ಡ ಜಾತಿಯ ಹುಲ್ಲಿನ ಕಾಂಡದಿಂದ ಸೀಳಿ, ಹೆರೆದು ಮಾಡುತ್ತಾರೆ. ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತ್ಯದಲ್ಲಿ ಬೆಳೆಯುವ ಕಾಂಡಕ್ಕೆ ಇಂದಿಗೂ ವಿಶೇಷ ಹೆಸರಿದೆ. ಇಷ್ಟು ದೊಡ್ಡ ಲೋಹದ ವಾದ್ಯದ ಜೀವವೆಲ್ಲ ಇರುವುದು ಬೆರಳಗಲದ ಆ ಸಸ್ಯದ ಚೂರಿನಲ್ಲಿ.

ಹೆಸರಿನ ಮೊದಲ ಭಾಗ ವಾದ್ಯವನ್ನು ಸೃಷ್ಟಿಸಿದ ಅಡಾಲ್ಫ್ ಸ್ಯಾಕ್ಸ್ ಅವರದು. ಉಳಿದ ಭಾಗ ಧ್ವನಿ ಎಂಬ ಅರ್ಥದ ಗ್ರೀಕ್ ಪದ. ಕೊಳಲನ್ನು ಮೊದಲು ಕೊರೆದವರು ಯಾರೆಂದು ಯಾರೂ ಹೇಳಲಾರರು, ತಂಬೂರಿಗೆ ಮೊದಲು ತಂತಿ ಬಿಗಿದವರ ಹೆಸರೂ ಉಳಿದಿಲ್ಲ. ಸ್ಯಾಕ್ಸೋಫೋನಿಗೆ ಮಾತ್ರ ತಂದೆಯ ಹೆಸರಿದೆ, ಊರಿದೆ, ಸರ್ಕಾರಿ ದಾಖಲೆಯಿದೆ. ಅದಕ್ಕೆ ಇಲ್ಲದ್ದು ಒಂದೇ, ಪರಂಪರೆ. ನನ್ನ ದೃಷ್ಟಿಯಲ್ಲಿ ಈ ವಾದ್ಯದ ಇಡೀ ಕಥೆಯನ್ನು ತಿರುಗಿಸಿದ್ದು ಆ ಕೊರತೆಯೇ.

ಅಡಾಲ್ಫ್ ಸ್ಯಾಕ್ಸ್ 1814ರ ನವೆಂಬರ್ 6ರಂದು ಇಂದಿನ ಬೆಲ್ಜಿಯಂನ ದಿನಾನ್ ಎಂಬ ಪಟ್ಟಣದಲ್ಲಿ ಹುಟ್ಟಿದರು. ತಂದೆ ಶಾರ್ಲ್-ಜೋಸೆಫ್ ವಾದ್ಯ ತಯಾರಕರು. ಮಗ ಬೆಳೆದದ್ದು ಆ ಕಾರ್ಯಾಗಾರದಲ್ಲೇ. ಕ್ಲಾರಿನೆಟ್ ಮತ್ತು ಕೊಳಲನ್ನು ಚೆನ್ನಾಗಿ ನುಡಿಸಬಲ್ಲವರಾಗಿದ್ದ ಸ್ಯಾಕ್ಸ್ ಇಪ್ಪತ್ತರ ಹರೆಯದಲ್ಲೇ ಬಾಸ್ ಕ್ಲಾರಿನೆಟ್ಟನ್ನು ಸುಧಾರಿಸಿ 1838ರಲ್ಲಿ ಹಕ್ಕುಪತ್ರ, ಅಂದರೆ ಪೇಟೆಂಟ್, ಪಡೆದರು. ನುಡಿಸುವ ಕಿವಿ ಮತ್ತು ಲೋಹ ಬಡಿಯುವ ಕೈ ಎರಡೂ ಒಬ್ಬರಲ್ಲೇ ಕೂಡಿಬರುವುದು ಅಪರೂಪ. 1842ರಲ್ಲಿ ಅವರು ಪ್ಯಾರಿಸ್ಸಿಗೆ ಬಂದಾಗ ಸಂಗೀತಕಾರ ಹೆಕ್ಟರ್ ಬೆರ್ಲಿಯೋಜ್ ಅವರ ಹೊಸ ವಾದ್ಯವಾದ ಸ್ಯಾಕ್ಸೋಫೋನಿನ ಧ್ವನಿಯನ್ನು ಪತ್ರಿಕೆಯೊಂದರಲ್ಲಿ ಮನಸಾರೆ ಹೊಗಳಿ ಬರೆದರು.

ಸ್ಯಾಕ್ಸ್ ಅವರ ಮುಂದಿದ್ದ ಸಮಸ್ಯೆ ಬಯಲಿನದು. ಆ ಕಾಲದ ಸೇನಾ ಬ್ಯಾಂಡುಗಳು ತೆರೆದ ಮೈದಾನದಲ್ಲಿ ನುಡಿಸುತ್ತಿದ್ದವು. ಅಲ್ಲಿ ಪಿಟೀಲಿನಂಥ ತಂತಿವಾದ್ಯಗಳ ದನಿ ಗಾಳಿಯಲ್ಲಿ ಕರಗಿಹೋಗುತ್ತಿತ್ತು, ಮರವಾದ್ಯಗಳು ತೆಳುವಾಗುತ್ತಿದ್ದವು, ಹಿತ್ತಾಳೆಯವು ಎಲ್ಲವನ್ನೂ ಮುಳುಗಿಸುತ್ತಿದ್ದವು. ತಂತಿವಾದ್ಯದ ಸ್ವಭಾವಕ್ಕೆ ಹತ್ತಿರವಾದ, ಆದರೆ ಅದಕ್ಕಿಂತ ಹೆಚ್ಚು ಬಲವೂ ತೀವ್ರತೆಯೂ ಇರುವ ಒಂದು ಧ್ವನಿ ಬೇಕೆಂದು ಅವರು ಹಕ್ಕುಪತ್ರದ ಅರ್ಜಿಯಲ್ಲೇ ವಿವರಿಸಿದ್ದಾರೆ. 1846ರ ಜೂನ್ 28ರಂದು ಫ್ರೆಂಚ್ ಸರ್ಕಾರ ಆ ಹಕ್ಕುಪತ್ರವನ್ನು ಕೊಟ್ಟಿತು. ಅದರಲ್ಲಿದ್ದದ್ದು ಒಂದು ವಾದ್ಯವಲ್ಲ, ಚಿಕ್ಕದರಿಂದ ದೈತ್ಯಗಾತ್ರದವರೆಗಿನ ಒಂದು ಇಡೀ ಕುಟುಂಬ.

ಇಲ್ಲಿ ವಾದ್ಯದ ಒಳಗನ್ನು ಸ್ವಲ್ಪ ನೋಡಬೇಕು, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಕಾರಣ ಅಲ್ಲಿದೆ. ಕ್ಲಾರಿನೆಟ್ಟಿನ ಕೊಳವೆ ಉದ್ದಕ್ಕೂ ಬಹುಮಟ್ಟಿಗೆ ಒಂದೇ ಅಗಲದ್ದು. ಸ್ಯಾಕ್ಸೋಫೋನಿನದು ಮೌತ್‌ಪೀಸಿನ ಕಡೆ ಕಿರಿದಾಗಿ ಆರಂಭವಾಗಿ ಕೊನೆಯವರೆಗೂ ಅಗಲವಾಗುತ್ತಲೇ ಹೋಗುತ್ತದೆ. ಹೀಗೆ ಶಂಕುವಿನಂತೆ ಅಗಲಿಸುವ ಕೊಳವೆಯಲ್ಲಿ ಮೂಲಸ್ವರದ ಜೊತೆಗೆ ಅದರ ಎಲ್ಲ ಉಪಸ್ವರಗಳೂ ಮೊಳಗುತ್ತವೆ, ನಾದ ತುಂಬಿಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ. ಎಡಗೈ ಹೆಬ್ಬೆರಳಿನ ಕೀಲಿಯನ್ನು ಒತ್ತಿದರೆ ಅದೇ ಬೆರಳುವಿನ್ಯಾಸದಲ್ಲಿ ಸ್ವರ ನೇರವಾಗಿ ಮೇಲಿನ ಸ್ಥಾಯಿಗೆ ಏರುತ್ತದೆ. ಕ್ಲಾರಿನೆಟ್ಟಿನಲ್ಲಿ ಹೀಗಾಗುವುದಿಲ್ಲ, ಅಲ್ಲಿ ಸ್ವರ ಒಂದು ಸ್ಥಾಯಿಯನ್ನು ದಾಟಿ ಮೇಲಿನ ಪಂಚಮಕ್ಕೆ ಜಿಗಿಯುವುದರಿಂದ ಕೆಳಗೊಂದು, ಮೇಲೊಂದು ಬೆರಳುವಿನ್ಯಾಸ ಕಲಿಯಬೇಕು. ಸ್ಯಾಕ್ಸೋಫೋನ್ ಕುಟುಂಬದ, ಗಾತ್ರ ಹಿಗ್ಗುತ್ತ ದನಿ ಇಳಿಯುತ್ತ ಹೋಗುವ ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್‌ಗಳಿಗೆಲ್ಲ ಬೆರಳುವಿನ್ಯಾಸ ಒಂದೇ. ಒಂದನ್ನು ಕಲಿತವರು ಇನ್ನೊಂದನ್ನು ಎತ್ತಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಅದರ ಬಾಗುವ ಗುಣ. ಬೆರಳುಗಳನ್ನು ಕದಲಿಸದೆ, ತುಟಿಯ ಒತ್ತಡವನ್ನು ಸಡಿಲಿಸಿ, ಗಂಟಲಿನ ಆಕಾರವನ್ನು ಬದಲಿಸಿ, ಸ್ವರವನ್ನು ಅದರ ಮನೆಯಿಂದ ಜಾರಿಸಬಹುದು. ಪಿಸುಗುಡಬಹುದು, ಗುಟುರು ಹಾಕಬಹುದು, ಬಿಕ್ಕಬಹುದು. ಸೇನೆಗಾಗಿ ಬಲವನ್ನು ಹುಡುಕಿದ ಸ್ಯಾಕ್ಸ್ ಅವರಿಗೆ ಅದರ ಜೊತೆಯಲ್ಲೇ ಮನುಷ್ಯನ ಕಂಠಕ್ಕೆ ತೀರ ಹತ್ತಿರವಾದದ್ದೊಂದು ದೊರಕಿತ್ತು.

ಸ್ಯಾಕ್ಸ್ ಅವರ ಬದುಕು ಮಾತ್ರ ಕಹಿಯಾಯಿತು. 1845ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಶಾಂ ದ ಮಾರ್ಸ್ ಮೈದಾನದಲ್ಲಿ ಹಳೆಯ ಮಾದರಿಯ ಬ್ಯಾಂಡಿಗೂ ಅವರ ವಾದ್ಯಗಳ ಬ್ಯಾಂಡಿಗೂ ಬಹಿರಂಗ ಪಂದ್ಯ ನಡೆದು, ಜನ ಸ್ಯಾಕ್ಸ್ ಅವರ ಕಡೆ ನಿಂತರು. ಸೇನೆ ಅವರ ವಾದ್ಯಗಳನ್ನು ಒಪ್ಪಿಕೊಂಡಿತು. ಮಾರುಕಟ್ಟೆ ಕಳೆದುಕೊಂಡ ಇತರ ತಯಾರಕರು ಒಗ್ಗೂಡಿ, ಹಕ್ಕುಪತ್ರ ಸಲ್ಲದೆಂದು ವರ್ಷಗಟ್ಟಲೆ ಮೊಕದ್ದಮೆ ಹೂಡಿದರು. 1852, 1873 ಮತ್ತು 1877, ಹೀಗೆ ಮೂರು ಬಾರಿ ಸ್ಯಾಕ್ಸ್ ದಿವಾಳಿಯಾದರು. 1857ರಲ್ಲಿ ಪ್ಯಾರಿಸ್ ಸಂಗೀತ ವಿದ್ಯಾಲಯದಲ್ಲಿ ಸೇನಾ ವಾದಕರಿಗಾಗಿ ಆರಂಭಿಸಿದ ಅವರ ಸ್ಯಾಕ್ಸೋಫೋನ್ ತರಗತಿ 1870ರಲ್ಲಿ ಫ್ರಾನ್ಸ್-ಪ್ರಷ್ಯಾ ಯುದ್ಧದ ಕಾಲಕ್ಕೆ ಮುಚ್ಚಿತು. ಆ ವಿದ್ಯಾಲಯದಲ್ಲಿ ಮತ್ತೆ ಸ್ಯಾಕ್ಸೋಫೋನ್ ಪಾಠ ಶುರುವಾದದ್ದು 1942ರಲ್ಲಿ, ಮಾರ್ಸೆಲ್ ಮ್ಯೂಲ್ ಅವರ ಕೈಯಲ್ಲಿ. 1894ರಲ್ಲಿ ಬಡತನದಲ್ಲೇ ತೀರಿಕೊಂಡ ಸ್ಯಾಕ್ಸ್ ತಮ್ಮ ವಾದ್ಯ ಮುಂದೆ ಏನಾಯಿತೆಂಬುದನ್ನು ಕಾಣಲಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಶಾಸ್ತ್ರೀಯ ವಾದ್ಯವೃಂದವೂ ಸ್ಯಾಕ್ಸೋಫೋನಿಗೆ ಕಾಯಂ ಕುರ್ಚಿ ಕೊಡಲಿಲ್ಲ. ಅದು ಹುಟ್ಟುವ ಹೊತ್ತಿಗೆ ವೃಂದದ ರಚನೆ ಗಟ್ಟಿಯಾಗಿತ್ತು. ಮೊಜಾರ್ಟ್, ಬೀಥೋವನ್ ಅವರ ಕೃತಿಗಳಲ್ಲಿ ಅದಕ್ಕೆ ಪಾತ್ರವಿರಲು ಸಾಧ್ಯವೇ ಇರಲಿಲ್ಲ. ಫ್ರೆಂಚ್ ಸಂಗೀತಕಾರ ಬಿಜೆ 1872ರಲ್ಲಿ ನಾಟಕವೊಂದರ ಸಂಗೀತದಲ್ಲಿ ಅದನ್ನು ಬಳಸಿದರು. ರಾವೆಲ್ 1928ರ ಪ್ರಸಿದ್ಧ ‘ಬೊಲೆರೊ’ದಲ್ಲಿ ಅದಕ್ಕೆ ಮುಖ್ಯ ಧಾಟಿಯನ್ನೇ ಒಪ್ಪಿಸಿದರು. ಆದರೂ ಅದು ಅತಿಥಿಯಾಗಿಯೇ ಉಳಿಯಿತು. ಬಾಸ್ಟನ್ನಿನ ಎಲೈಸ್ ಹಾಲ್ ಎಂಬ ಶ್ರೀಮಂತ ಮಹಿಳೆ ಸ್ಯಾಕ್ಸೋಫೋನಿಗಾಗಿ ಕೃತಿಗಳನ್ನು ಬರೆಸಲೆಂದೇ ಹಣ ಸುರಿದರು. ಅವರಿಂದ ಹಣ ಪಡೆದ ದೆಬ್ಯುಸಿ ವರ್ಷಗಳ ಕಾಲ ಕೆಲಸ ಮುಂದೂಡಿದರು. ಕೊನೆಗೆ ಆ ಕೃತಿಯ ವಾದ್ಯಸಂಯೋಜನೆಯನ್ನು ಅವರ ಮರಣಾನಂತರ ಬೇರೊಬ್ಬರು ಪೂರ್ಣಗೊಳಿಸಬೇಕಾಯಿತು.

ಅಮೆರಿಕದಲ್ಲಿ ಈ ವಾದ್ಯ ಮೊದಲು ಬ್ಯಾಂಡುಗಳಲ್ಲಿ, ಆಮೇಲೆ ವಿನೋದ ಪ್ರದರ್ಶನಗಳ ರಂಗದಲ್ಲಿ ಕಾಣಿಸಿಕೊಂಡಿತು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಕಾರ್ಖಾನೆಗಳು ಅದನ್ನು ರಾಶಿರಾಶಿಯಾಗಿ ತಯಾರಿಸಿದವು, 1920ರ ದಶಕದಲ್ಲಿ ಮನೆಮನೆಯಲ್ಲೂ ಅದೊಂದು ಗೀಳಾಯಿತು. ಅದನ್ನು ಗಂಭೀರ ವಾದ್ಯವನ್ನಾಗಿ ಮಾಡಿದವರು ಕಪ್ಪು ಜನಾಂಗದ ಜಾಝ್ ಕಲಾವಿದರು. ನ್ಯೂ ಆರ್ಲಿಯನ್ಸಿನ ಆರಂಭದ ಜಾಝ್ ತಂಡಗಳಲ್ಲಿ ಮುಂಚೂಣಿಯಲ್ಲಿದ್ದದ್ದು ತುತ್ತೂರಿಯನ್ನು ಹೋಲುವ ಕಾರ್ನೆಟ್, ಕ್ಲಾರಿನೆಟ್, ಟ್ರಾಂಬೋನ್‌ಗಳು. ಅದೇ ಊರಿನ ಸಿಡ್ನಿ ಬೆಶೆ ಸೊಪ್ರಾನೊ ಸ್ಯಾಕ್ಸೋಫೋನನ್ನು ಹಿಡಿದು, ಕಾರ್ನೆಟ್ಟಿಗೂ ಸೋಲದ ದನಿ ಅದರಲ್ಲಿದೆ ಎಂದು ತೋರಿಸಿದರು. ಟೆನರ್ ವಾದ್ಯಕ್ಕೆ ಗಾಂಭೀರ್ಯ ತಂದವರು ಕೋಲ್ಮನ್ ಹಾಕಿನ್ಸ್. 1939ರ ಅಕ್ಟೋಬರಿನಲ್ಲಿ ಅವರು ಧ್ವನಿಮುದ್ರಿಸಿದ ‘ಬಾಡಿ ಅಂಡ್ ಸೋಲ್’ನಲ್ಲಿ ಮೂಲ ಹಾಡಿನ ಧಾಟಿ ಆರಂಭದಲ್ಲಿ ಒಂದಿಷ್ಟು ಸುಳಿದು ಮರೆಯಾಗುತ್ತದೆ. ಉಳಿದದ್ದೆಲ್ಲ ಸ್ಥಳದಲ್ಲೇ ಕಟ್ಟಿದ ಕಲ್ಪನೆ. ಜನಪ್ರಿಯ ಪ್ರೇಮಗೀತೆಯೊಂದರಲ್ಲಿ ಇಷ್ಟು ಮನೋಧರ್ಮ ಸಂಗೀತ ಹಿಡಿಸುತ್ತದೆ ಎಂಬುದೇ ಆಗ ಹೊಸ ಸಂಗತಿ, ಮತ್ತು ಜನ ಅದನ್ನು ಮುಗಿಬಿದ್ದು ಕೊಂಡರು.

ಹಾಕಿನ್ಸ್ ಅವರ ದನಿ ದಟ್ಟವಾದರೆ ಲೆಸ್ಟರ್ ಯಂಗ್ ಅವರದು ಹಗುರ, ಸಾವಧಾನದ್ದು. ಒಂದು ಹಾಡನ್ನು ನುಡಿಸುವ ಮೊದಲು ಅದರ ಸಾಹಿತ್ಯ ಗೊತ್ತಿರಬೇಕೆಂದು ಯಂಗ್ ನಂಬಿದ್ದರು. ಮಾತಿಲ್ಲದ ವಾದ್ಯವನ್ನು ನುಡಿಸುವವರ ಬಾಯಲ್ಲಿ ಈ ಮಾತು! ಕರ್ನಾಟಕ ಸಂಗೀತದ ವೈಣಿಕರಿಗೆ ಗುರುಗಳು ಹೇಳಿಕೊಡುವುದೂ ಇದನ್ನೇ. ಕ್ಯಾನ್ಸಸ್ ಸಿಟಿಯಲ್ಲಿ ಬೆಳೆದ ಚಾರ್ಲಿ ಪಾರ್ಕರ್ 1940ರ ದಶಕದಲ್ಲಿ ಆಲ್ಟೊ ವಾದ್ಯದ ಮೇಲೆ ಎಂಥ ವೇಗವನ್ನೂ ಎಂಥ ಹೊಸ ಸ್ವರಸಂಚಾರವನ್ನೂ ಸಾಧಿಸಿದರೆಂದರೆ, ಬೀಬಾಪ್ ಎಂಬ ಹೊಸ ಶೈಲಿಯೇ ಹುಟ್ಟಿತು. 34ನೇ ವಯಸ್ಸಿಗೆ ಅವರು ತೀರಿಕೊಂಡರು. ಸನ್ನಿ ರಾಲಿನ್ಸ್ ಖ್ಯಾತಿಯ ತುದಿಯಲ್ಲಿದ್ದಾಗಲೇ 1959ರಲ್ಲಿ ಕಛೇರಿಗಳನ್ನು ನಿಲ್ಲಿಸಿ, ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ನಿಂತು ಎರಡು ವರ್ಷ ಸಾಧನೆ ಮಾಡಿದರು.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಜಾನ್ ಕೋಲ್ಟ್ರೇನ್ ಅವರದು. 1964ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿದ ‘ಎ ಲವ್ ಸುಪ್ರೀಮ್’ ನಾಲ್ಕು ಭಾಗಗಳ ಒಂದು ಅರ್ಪಣೆ. ಅದರೊಂದಿಗೆ ಕೋಲ್ಟ್ರೇನ್ ದೇವರನ್ನು ಕುರಿತು ತಾವೇ ಬರೆದ ಒಂದು ಪದ್ಯವನ್ನೂ ಅಚ್ಚು ಹಾಕಿಸಿದ್ದರು. ಕೊನೆಯ ಭಾಗವನ್ನು ಆ ಪದ್ಯ ಮುಂದಿಟ್ಟುಕೊಂಡು ಕೇಳಿದರೆ, ಅವರು ಸ್ಯಾಕ್ಸೋಫೋನಿನಲ್ಲಿ ಅದನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದಾರೆಂದು ಗೊತ್ತಾಗುತ್ತದೆ. ಸಾಲು ಮುಗಿದಲ್ಲಿ ಸ್ವರ ಇಳಿಯುತ್ತದೆ, ಪದದ ಒತ್ತು ಬಂದಲ್ಲಿ ನಾದಕ್ಕೂ ಒತ್ತು ಬೀಳುತ್ತದೆ. ಅದು ವಾದನವಲ್ಲ, ಪಾರಾಯಣ.

ಇಷ್ಟು ನೇರವಾಗಿ ಮಾತನಾಡುವ ವಾದ್ಯಕ್ಕೆ ಅಧಿಕಾರಸ್ಥರು ಹೆದರಿದ್ದು ಸಹಜ. 1938ರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫಿನಲ್ಲಿ ನಾಜಿಗಳು ‘ಪತಿತ ಸಂಗೀತ’ವನ್ನು ಹೀಯಾಳಿಸಲು ಒಂದು ಪ್ರದರ್ಶನ ಏರ್ಪಡಿಸಿದರು. ಅದರ ಭಿತ್ತಿಚಿತ್ರದಲ್ಲಿ ಸ್ಯಾಕ್ಸೋಫೋನ್ ನುಡಿಸುವ ಕಪ್ಪು ವ್ಯಕ್ತಿಯೊಬ್ಬನ ವಿಕೃತ ಚಿತ್ರವಿತ್ತು, ಅವನ ಎದೆಯ ಮೇಲೆ ಯಹೂದಿಗಳ ನಕ್ಷತ್ರವಿತ್ತು. ತಾವು ದ್ವೇಷಿಸಿದ್ದನ್ನೆಲ್ಲ ಒಂದೇ ಚಿತ್ರದಲ್ಲಿ ಹಿಡಿಯಲು ಅವರಿಗೆ ಸಿಕ್ಕಿದ ವಾದ್ಯ ಇದು. ಸೋವಿಯತ್ ಒಕ್ಕೂಟದಲ್ಲೂ 1940ರ ದಶಕದ ಕೊನೆಯಲ್ಲಿ ಸ್ಯಾಕ್ಸೋಫೋನುಗಳನ್ನು ಮುಟ್ಟುಗೋಲು ಹಾಕಿಕೊಂಡ ಪ್ರಸಂಗಗಳಿವೆ.

ಬೇರೆ ಸೀಮೆಗಳಿಗೆ ಹೋದಾಗ ಅದು ಆಯಾ ನೆಲದ ಉಚ್ಚಾರವನ್ನು ಕಲಿತುಕೊಂಡಿತು. ಇಥಿಯೋಪಿಯಾದ ಗೆಟಾಚ್ಯೂ ಮೆಕುರ್ಯಾ ತಮ್ಮ ನಾಡಿನ ಯೋಧರ ರಣಘೋಷದ ಗಾಯನವನ್ನು ಟೆನರ್ ಸ್ಯಾಕ್ಸೋಫೋನಿಗೆ ತಂದರು. ನೈಜೀರಿಯಾದ ಫೆಲಾ ಕುಟಿ ಅವರ ಪ್ರತಿಭಟನೆಯ ಸಂಗೀತದಲ್ಲಿ ಅದು ಹಾಡಿನಷ್ಟೇ ಖಾರವಾಯಿತು. ಪಾಪ್ ಸಂಗೀತದಲ್ಲಿ 1978ರ ‘ಬೇಕರ್ ಸ್ಟ್ರೀಟ್’, 1984ರ ‘ಕೇರ್‌ಲೆಸ್ ವಿಸ್ಪರ್’ ಹಾಡುಗಳ ಸಾಹಿತ್ಯ ಮರೆತವರಿಗೂ ಅವುಗಳ ಸ್ಯಾಕ್ಸೋಫೋನ್ ಸೊಲ್ಲುಗಳು ನೆನಪಿವೆ. ಚೀನಾದಲ್ಲಿ ಸ್ಯಾಕ್ಸೋಫೋನ್ ವಾದಕ ಕೆನ್ನಿ ಜಿ ಅವರ ‘ಗೋಯಿಂಗ್ ಹೋಮ್’ ಕೇಳಿಸಿದರೆ ಅಂಗಡಿ ಮುಚ್ಚುವ ಹೊತ್ತಾಯಿತೆಂದು ಗಿರಾಕಿಗಳು ಹೊರಡುತ್ತಾರೆ.

ದಕ್ಷಿಣ ಭಾರತದಲ್ಲಿ ಈ ವಾದ್ಯ ಎದುರಿಸಿದ್ದು ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ. ಕರ್ನಾಟಕ ಸಂಗೀತದಲ್ಲಿ ಸ್ವರ ಒಂದು ಬಿಂದುವಲ್ಲ, ಅದು ತೂಗುತ್ತದೆ, ಜಾರುತ್ತದೆ, ಪಕ್ಕದ ಸ್ವರವನ್ನು ತಾಕಿ ಬರುತ್ತದೆ. ಗಮಕವಿಲ್ಲದೆ ರಾಗವಿಲ್ಲ. ಸ್ಯಾಕ್ಸೋಫೋನಿನ ಕೀಲಿಗಳಾದರೋ ಒಂದೊಂದು ಸ್ವರವನ್ನೂ ಪ್ರತ್ಯೇಕವಾಗಿ ನಿಲ್ಲಿಸಲೆಂದೇ ಮಾಡಿದವು. ನಾಗಸ್ವರ ವಿದ್ವಾಂಸರ ಮಗನಾಗಿ 1949ರಲ್ಲಿ ದಕ್ಷಿಣ ಕನ್ನಡದ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಬಳಿಕ ಚೆನ್ನೈಯಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ಸುಮಾರು ಎರಡು ದಶಕಗಳ ಸಾಧನೆಯಿಂದ ಆಲ್ಟೊ ಸ್ಯಾಕ್ಸೋಫೋನನ್ನು ಗಮಕಕ್ಕೆ ಒಗ್ಗಿಸಿದರು. ತುಟಿ, ಉಸಿರು, ಅರ್ಧ ತೆರೆದ ಕೀಲಿ, ಈ ಮೂರರ ಹೊಂದಾಣಿಕೆಯಲ್ಲಿ ಅವರ ಕಲ್ಯಾಣಿ ರಾಗದ ನಿಷಾದ ಹಾಡುಗಾರರ ಗಂಟಲಿನಿಂದ ಬಂದಂತೆಯೇ ತೂಗುತ್ತಿತ್ತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದ ಮೊದಲ ಕರ್ನಾಟಕ ಸಂಗೀತಗಾರರು ಅವರೇ. 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ನಿಧನರಾದರು.

ಜಾಝ್ ಕಲಿಯುವವರಿಗೆ ಸ್ಯಾಕ್ಸೋಫೋನಿನ ಗುರುಗಳೆಂದರೆ ಪಾರ್ಕರ್, ಕೋಲ್ಟ್ರೇನ್. ಅಮೆರಿಕದಲ್ಲಿ ಅದೇ ಪಾಠದಲ್ಲಿ ಬೆಳೆದ, ಭಾರತೀಯ ಮೂಲದ ಆಲ್ಟೊ ವಾದಕ ರುದ್ರೇಶ್ ಮಹಂತಪ್ಪ ಗೋಪಾಲನಾಥರನ್ನು ಅರಸಿ ಬಂದರು. 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಅದರಲ್ಲಿ ಎರಡು ಆಲ್ಟೊಗಳು ಎದುರುಬದುರಾಗಿ ನುಡಿಯುತ್ತವೆ. ರಚನೆಯಲ್ಲಿ ಎರಡೂ ಒಂದೇ ವಾದ್ಯ, ಆದರೆ ಯಾವ ದನಿ ಯಾರದೆಂದು ಗುರುತಿಸಲು ಒಂದು ಸೊಲ್ಲು ಕೇಳಿದರೆ ಸಾಕು.