ಅಪ್ಪ ಎತ್ತಿಕೊಂಡರೆ ಮಗುವಿನ ನಿದ್ದೆ ಕೆಡುತ್ತಾ?

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಚಿಕ್ಕಮಗಳೂರಿನಿಂದ ಬಂದಿದೆ. ಸಿಸೇರಿಯನ್ ಆಗಿದೆ, ತಾಯಿ ಇನ್ನೂ ಥಿಯೇಟರಿನಲ್ಲಿದ್ದಾಳೆ. ಅಪ್ಪ ಅಂಗಿ ಬಿಚ್ಚಿ ಮಗುವನ್ನು ಎದೆಗೆ ಹಾಕಿಕೊಂಡಿದ್ದಾನೆ. ಮಗು ಮಲಗಲೇ ಇಲ್ಲ, ಪಿಳಿಪಿಳಿ ಕಣ್ಣು ಬಿಡುತ್ತಿತ್ತಂತೆ. ಅಜ್ಜಿಯ ತೀರ್ಪು: "ಗಂಡಸರ ಮೈ ಉಷ್ಣ, ಮಗುವಿಗೆ ಆಗಲ್ಲ."

ಕೆಡಲ್ಲ. ಆದರೆ ಈ 'ಉಷ್ಣ' ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ, ಅಲ್ವಾ? ಆರೋಗ್ಯವಾಗಿರುವ ಗಂಡಸಿನ ಮೈಬಿಸಿಯೂ ಹೆಂಗಸಿನ ಮೈಬಿಸಿಯೂ ಸುಮಾರು 37 ಡಿಗ್ರಿಯೇ. ಒದ್ದೆ ಮೈಯಲ್ಲಿ ಹೊರಗೆ ಬಂದ ಮಗು ಬೇಗ ತಣ್ಣಗಾಗುತ್ತದೆ. ಒರೆಸಿ, ಬರೀ ಎದೆಯ ಮೇಲೆ ಮಲಗಿಸಿ, ಬೆನ್ನ ಮೇಲೆ ಬಟ್ಟೆ ಹೊದಿಸಿದರೆ ಬೆಚ್ಚಗಿರುತ್ತದೆ. ಎಚ್ಚರವಾಗಿರುವುದಕ್ಕೆ ಕಾರಣವೇ ಬೇರೆ. ಹುಟ್ಟುವ ಹೊತ್ತಿಗೆ ಮಗುವಿನ ಮೈಯಲ್ಲಿ ಅಡ್ರಿನಲಿನ್ ಜಾತಿಯ ಹಾರ್ಮೋನುಗಳು ಏರುತ್ತವೆ. ಅದಕ್ಕೇ ಮೊದಲ ಒಂದೆರಡು ಗಂಟೆ ಎಷ್ಟೋ ಮಕ್ಕಳು ಕಣ್ಣು ಬಿಟ್ಟುಕೊಂಡೇ ಇರುತ್ತವೆ, ಆಮೇಲೆ ಗಾಢ ನಿದ್ದೆಗೆ ಜಾರುತ್ತವೆ. ಅಪ್ಪ ಆ ಹೊತ್ತಿಗೆ ಸಿಕ್ಕಿಬಿದ್ದ, ಅಷ್ಟೇ.

ನೋಡಿದವರೂ ಇದ್ದಾರೆ. ಸಿಸೇರಿಯನ್ ಆದ ಮೇಲೆ ಅಪ್ಪನ ಬರೀ ಎದೆಯ ಮೇಲಿದ್ದ ಮಕ್ಕಳನ್ನೂ ತೊಟ್ಟಿಲಲ್ಲಿದ್ದವನ್ನೂ ಸ್ವೀಡನ್ನಿನವರು ಹೋಲಿಸಿ 2007ರಲ್ಲಿ ಬರೆದರು. ಎದೆಯ ಮೇಲಿದ್ದವು ಕಮ್ಮಿ ಅತ್ತವು, ಬೇಗ ತೂಕಡಿಸಿದವು. 2021ರ ಚಿಲಿಯ ಅಧ್ಯಯನದಲ್ಲಿ ಎದೆಯ ಮೇಲಿದ್ದವು ಮೊದಮೊದಲು ಜಾಸ್ತಿ ಎಚ್ಚರವಾಗಿದ್ದವು, ಕೊನೆಗೆ ಆ ವ್ಯತ್ಯಾಸ ಉಳಿಯಲಿಲ್ಲ. ಎರಡರಲ್ಲೂ ನಿದ್ದೆ ಕೆಟ್ಟ ಕಥೆ ಇಲ್ಲ.

ಆ ಎಚ್ಚರ ಕೆಲಸಕ್ಕೆ ಬರುವಂಥದ್ದು. ಮಗು ನಾಲಿಗೆ ಚಾಚಿ, ಕೈ ಚೀಪಿ, ತಲೆ ಅತ್ತಿತ್ತ ಆಡಿಸುತ್ತಿದ್ದರೆ ಹಾಲು ಹುಡುಕುತ್ತಿದೆ ಎಂದರ್ಥ. ತಾಯಿ ಹೊರಗೆ ಬಂದ ತಕ್ಷಣ ಅವಳ ಎದೆಗೆ ಕೊಡಿ. ಅಲ್ಲಿಯವರೆಗೆ ಅಪ್ಪ ಸುಮ್ನೆ ಒರಗಿ ಕೂತಿರಲಿ. ಮಗುವಿನ ಮುಖ ಒಂದು ಪಕ್ಕಕ್ಕಿರಲಿ, ಮೂಗು ಕಾಣುತ್ತಿರಲಿ. ಅಪ್ಪನಿಗೇ ತೂಕಡಿಕೆ ಬಂದರೆ ಮಗುವನ್ನು ಬೇರೆಯವರ ಕೈಗೆ ಕೊಡಬೇಕು.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಪ್ಪನ ಮೈಬಿಸಿಗೆ ಹೆದರುವ ಮನೆಯಲ್ಲೇ, ಮಳೆಗಾಲದಲ್ಲಿ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಮಂಚದ ಕೆಳಗೆ ಕೆಂಡ ಇಡುತ್ತಾರೆ! ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದ್ದವರು ಏಳದೇ ಹೋಗಬಹುದು. ಸಾಂಬ್ರಾಣಿ ಹೊಗೆಯೂ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೆಂಡ ಹೊರಗೆ ಹಾಕಿ, ಅಪ್ಪನನ್ನು ಒಳಗೆ ಕರೆಯಿರಿ.