ಮನೆಗೆ ಹೋಗುವ ದಾರಿಯಲ್ಲಿ ಉತ್ತರ ಹೇಳಬೇಡಿ

ಭಾನುವಾರದ ಗಣಿತ ತರಗತಿ ಬಿಟ್ಟ ಕೂಡಲೇ ಗೇಟಿನ ಹತ್ತಿರ ಪ್ರಶ್ನೆ: ‘ಇವತ್ತು ಪೋರ್ಷನ್ ಎಷ್ಟಾಯ್ತು ಮೇಡಂ?’ ಪೋರ್ಷನ್ ಇಲ್ಲ, ಚುರುಕು ಮಕ್ಕಳು ಒಂದೊಂದು ಲೆಕ್ಕ ಹಿಡಿದು ತಾವೇ ಯೋಚಿಸುವ ತರಗತಿ ಇದು. ಐದನೇ ಕ್ಲಾಸಿನ ಮಗುವಿಗೆ ಏಳನೆಯದರ ಬೀಜಗಣಿತ ಬೇಕಿದ್ದರೆ ಟ್ಯೂಷನ್ ಇದೆ. ಇದನ್ನು ಹೇಳಿದರೆ ತಂದೆತಾಯಂದಿರು ತಲೆಯಾಡಿಸುತ್ತಾರೆ. ತೊಂದರೆ ಶುರುವಾಗುವುದು ಸ್ಕೂಟರ್ ಹತ್ತಿದ ಮೇಲೆ.

ಒಂದು ಲೆಕ್ಕ ನೋಡಿ. 9 ಅಂದರೆ 4+5. 2+3+4 ಕೂಡ ಹೌದು. ಹೀಗೆ 1, 2, 3... ಸಾಲಿನಲ್ಲಿ ಅಕ್ಕಪಕ್ಕ ಬರುವ ಎರಡೋ ಹೆಚ್ಚೋ ಸಂಖ್ಯೆಗಳನ್ನು ಕೂಡಿ ಯಾವ ಸಂಖ್ಯೆ ಪಡೆಯಬಹುದು, ಯಾವುದು ಸಾಧ್ಯವೇ ಇಲ್ಲ? 1ರಿಂದ 35ರವರೆಗೆ ಹುಡುಕಬೇಕು, ಮೂರು ಮೂರು ಜನ ಸೇರಿ. ಬೆಸಸಂಖ್ಯೆಗಳು 1 ಬಿಟ್ಟು ಎಲ್ಲ ಸಲೀಸಾಗಿ ಸಿಗುತ್ತವೆ. ಮೂರರ ಮಗ್ಗಿಯಲ್ಲಿ 6ರಿಂದಾಚೆಯವೂ ಅಷ್ಟೆ. ಎಡವುವುದು 28ರಲ್ಲಿ. ಎರಡು, ಮೂರು, ನಾಲ್ಕು, ಐದು ಸಂಖ್ಯೆ ಕೂಡಿ ನೋಡಿ ‘ಆಗಲ್ಲ’ ಅಂತ ಬರೆದುಬಿಡುತ್ತಾರೆ. 28ಕ್ಕೆ 1ರಿಂದ 7ರವರೆಗೆ ಏಳೂ ಬೇಕು. ಹಾಗೆ ತಪ್ಪಿದಾಗ ‘ಆಗದ’ ಪಟ್ಟಿ 1, 2, 4, 8, 16, 28, 32 ಎಂದಾಗುತ್ತದೆ. ದುಪ್ಪಟ್ಟಾಗುತ್ತ ಬಂದ ಸಾಲಿನ ನಡುವೆ ಈ 28 ಯಾಕೆ ಬಂತು? ತನ್ನ ಊಹೆ ತಪ್ಪೋ, ಕೂಡಿದ್ದು ತಪ್ಪೋ ಎಂದು ಮಗು ಅನುಮಾನಪಡಬೇಕು. ತರಗತಿ ಇರುವುದೇ ಆ ಅನುಮಾನಕ್ಕಾಗಿ.

28 ಸರಿಹೋದ ಮೇಲೆ ‘ಈ ಆರು ಯಾಕೆ ಆಗಲ್ಲ?’ ಎಂಬ ಪ್ರಶ್ನೆ ಮನೆಗೆ ಹೋಗುತ್ತದೆ. ಅಪ್ಪ ಎಂಜಿನಿಯರು. ಸಿಗ್ನಲ್ಲಿನಲ್ಲಿ ನಿಂತಾಗಲೇ ‘ಎರಡರ ಘಾತಗಳಿಗೆ 1 ಬಿಟ್ಟರೆ ಬೆಸ ಅಪವರ್ತನ ಇರಲ್ಲ ಕಣೋ’ ಅಂದಿರುತ್ತಾರೆ. ಮುಂದಿನ ವಾರ ಮಗು ಅದನ್ನೇ ಒಪ್ಪಿಸುತ್ತದೆ. ‘ಇರದಿದ್ದರೆ ಏನಾಯ್ತು?’ ಅಂದರೆ ಸುಮ್ಮನಾಗುತ್ತದೆ. ಬೇಕಿದ್ದ ಕಾರಣ ಇದು: ಮೂರು ಸಂಖ್ಯೆ ಕೂಡಿದರೆ ನಡುವಿನದರ ಮೂರರಷ್ಟು, ಐದಾದರೆ ಐದರಷ್ಟು. ನಾಲ್ಕಿದ್ದರೆ ತುದಿಯವೆರಡು ಒಂದು ಜೋಡಿ, ಒಳಗಿನವೆರಡು ಇನ್ನೊಂದು. ಎರಡು ಜೋಡಿಯದೂ ಮೊತ್ತ ಒಂದೇ, ಅದೂ ಬೆಸ. ಹೇಗೆ ಕೂಡಿದರೂ 1ಕ್ಕಿಂತ ದೊಡ್ಡ ಬೆಸ ಅಪವರ್ತನವೊಂದು ಒಳಗೆ ಬಂದೇ ಬರುತ್ತದೆ. ‘ನಡುವಿನ ಸಂಖ್ಯೆ’ಯನ್ನು ಮಗು ತಾನೇ ಗಮನಿಸಲು ಎರಡು ಮೂರು ವಾರ ಹಿಡಿಯಬಹುದು. ಹಿಡಿಯಲಿ.

ಚುರುಕು ಮಕ್ಕಳಿಗೆ ಶಾಲೆಯಲ್ಲಿ ಎಲ್ಲವೂ ಒಂದೇ ನೋಟಕ್ಕೆ ಬರುತ್ತದೆ. ಉತ್ತರ ಬಾರದೆ ಅರ್ಧ ಗಂಟೆ ಕೂತ ಅಭ್ಯಾಸವೇ ಇಲ್ಲ. ಹಾಗಾಗಿ ಮೊದಲ ಸಲ ಸಿಕ್ಕಿಕೊಂಡಾಗ ‘ಹೊಟ್ಟೆನೋವು’ ಶುರುವಾಗುತ್ತದೆ. ಆಗ ನೀವು ಉತ್ತರ ಹೇಳಿದರೆ ನೋವು ವಾಸಿಯಾಗುತ್ತದೆ, ನಿಜ.

ಒಲಿಂಪಿಯಾಡ್ ಬಗ್ಗೆಯೂ ಕೇಳುತ್ತಾರೆ, ಅದೂ ಮಗು ಐದನೇ ಕ್ಲಾಸಿನಲ್ಲಿರುವಾಗ. ಮೊದಲ ಅರ್ಹತಾ ಪರೀಕ್ಷೆಯಾದ ಐಒಕ್ಯೂಎಂ ಹಂತದಲ್ಲಿ 00ರಿಂದ 99ರ ಒಳಗಿನ ಉತ್ತರ ಗುರುತಿಸಿದರೆ ಸಾಕು. ಅದನ್ನು ದಾಟಿದರೆ ಪ್ರಾದೇಶಿಕ ಹಂತದ ಪರೀಕ್ಷೆಯಾದ ಆರ್‌ಎಂಒ: ಮೂರು ಗಂಟೆ, ಆರು ಲೆಕ್ಕ, ಪ್ರತಿಯೊಂದಕ್ಕೂ ‘ಯಾಕೆ’ ಎಂದು ಪೂರ್ತಿ ಸಾಧಿಸಿ ಬರೆಯಬೇಕು. ಬರೀ ಉತ್ತರ ಹಿಡಿದು ಬಂದವರು ಅಲ್ಲಿ ನಿಲ್ಲುತ್ತಾರೆ.

ಮನೆಯಲ್ಲಿ ಗೆರೆಯಿಲ್ಲದ ಒಂದು ಪುಸ್ತಕ, ಒಂದು ಪೆನ್ನು ಸಾಕು. ರಬ್ಬರ್ ಬೇಡ, ಅಳಿಸಿದರೆ 28 ಯಾವ ಪುಟದಲ್ಲಿ ತಪ್ಪಿತೆಂದು ಗೊತ್ತಾಗುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ಊಟಕ್ಕೆ ಮುಂಚೆ. ನಿಮಗೆ ಬಾಯಿ ಕಟ್ಟಿ ಕೂರಲಾಗದಿದ್ದರೆ ಇಷ್ಟು ಕೇಳಿ: ‘ಇನ್ನೂ ಚಿಕ್ಕ ಸಂಖ್ಯೆ ಇಟ್ಟು ನೋಡಿದ್ಯಾ?’, ‘ಯಾವಾಗ್ಲೂ ಹಿಂಗೇ ಆಗತ್ತಾ?’ ಅಜ್ಜಿಗೆ ವಿವರಿಸಲು ಹೇಳುವುದು ಇನ್ನೂ ಒಳ್ಳೆಯದು, ಅಜ್ಜಿಯರು ಅರ್ಥವಾದಂತೆ ನಟಿಸುವುದಿಲ್ಲ.

ಎಲ್ಲ ಮಕ್ಕಳಿಗೂ ಇದೇ ಸರಿ ಎನ್ನಲಾರೆ. ಶಾಲೆಯ ಪಾಠ ಎರಡು ವರ್ಷ ಮೊದಲೇ ಮುಗಿಸಿ ಬೇಸರದಿಂದ ಕೂತಿರುವ ಮಕ್ಕಳೂ ಇದ್ದಾರೆ. ಅವರಿಗೆ ಮುಂದಿನ ಪಾಠವೇ ಬೇಕಾಗಬಹುದು, ಶಾಲೆಯವರ ಜೊತೆ ಮಾತಾಡಿ. ಆರೇಳು ವಾರವಾದರೂ ಭಾನುವಾರ ಬೆಳಗ್ಗೆ ಅಳು ನಿಲ್ಲದಿದ್ದರೆ ತರಗತಿ ಬಿಡಿಸಿ, ಒಂದು ವರ್ಷ ಬಿಟ್ಟು ಕರೆತನ್ನಿ.